ದೋಣಿಯ ಅಳತೆ

ಸಂಪಾದಿಸುವುದು ಹೇಗೆಂಬುದನ್ನು ಕುರಿತು ಲೋಕದಲ್ಲಿ ಬೋಧೆ ಬೇಕಾದಷ್ಟಿದೆ. ಸಂಪಾದಿಸಿದ್ದೆಲ್ಲವನ್ನೂ ತೊರೆದು ಹೋಗುವುದು ಹೇಗೆಂಬುದನ್ನು ಕುರಿತೂ, ಅದರಲ್ಲಿಯೂ ನಮ್ಮ ದೇಶದಲ್ಲಿ, ಬೋಧೆಗೆ ಕೊರತೆಯಿಲ್ಲ. ಆದರೆ ಇವೆರಡರ ನಡುವೆ ಒಂದು ಸ್ಥಿತಿಯುಂಟು. ಇದ್ದುದನ್ನು ಪೂರ್ತಿಯಾಗಿ ಬಿಡಲಾರದೆ, ಇದ್ದ ಹಾಗೆಯೇ ಇಟ್ಟುಕೊಳ್ಳಲೂ ಆರದೆ, ಅದನ್ನು ಚಿಕ್ಕದು ಮಾಡಿಕೊಳ್ಳಬೇಕಾಗಿ ಬರುವ ಸ್ಥಿತಿ ಅದು. ಸಂನ್ಯಾಸಿಗೆ ಈ ತೊಡಕಿಲ್ಲ, ಯೌವನಸ್ಥನಿಗೂ ಇಲ್ಲ. ಅರುವತ್ತನ್ನು ದಾಟಿದ ಗೃಹಸ್ಥನಿಗೆ ಮಾತ್ರ ಇದು ತಪ್ಪಿದ್ದಲ್ಲ. ಹೀಗೆ ಕಿರಿದು ಮಾಡಿಕೊಳ್ಳುವುದರಲ್ಲಿ ಧರ್ಮವೆಂಬುದೊಂದು ಇದೆಯೆ? ಇದ್ದರೆ ಅದು ಯಾವುದು? ಈ ವಿಚಾರವನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ಪ್ರಶ್ನೆ ನನಗೆ ಎದುರಾದುದು ಒಂದು ದೋಣಿಯ ದೆಸೆಯಿಂದ. ನನ್ನ ಮಗಳ ಸಂಸಾರ ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ನಾರ್ವಿಚ್ ಪಟ್ಟಣದಲ್ಲಿದೆ. ಕೆಲವು ವರ್ಷಗಳ ಹಿಂದೆ ನಾವು ದಂಪತಿಗಳು ಒಂದು ಬೇಸಗೆಯನ್ನೆಲ್ಲ ಅಲ್ಲಿ ಕಳೆದೆವು. ಪಕ್ಕದ ಮನೆಯಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರೂ ಅವರ ಪತ್ನಿಯೂ ಇದ್ದರು. ಮೇಷ್ಟರಿಗೆ ಎಪ್ಪತ್ತೆರಡು ವರ್ಷ; ಆಕೆಗೆ ಒಂದೆರಡು ವರ್ಷ ಕಡಮೆ. ನಾನೂ ಉಪಾಧ್ಯಾಯ ವೃತ್ತಿಯಲ್ಲಿದ್ದವನೆಂದು ತಿಳಿದ ಮೇಲೆ ಬೇಲಿಯ ಆಚೆಯಿಂದ ಮಾತುಕತೆ ಮೊದಲಾಗಿ, ಸಂಜೆಯ ಚಹಕ್ಕೆ ಕರೆಯುವ ವರೆಗೆ ಬೆಳೆಯಿತು. ಅವರ ಮನೆಯಲ್ಲಿ ಆಗ ನಡೆಯುತ್ತಿದ್ದ ಚರ್ಚೆ ಒಂದೇ: ಇಪ್ಪತ್ತಾರು ವರ್ಷ ತಮ್ಮದಾಗಿದ್ದ ದೊಡ್ಡ ಯಂತ್ರದೋಣಿಯನ್ನು ಮಾರಿ ಚಿಕ್ಕದೊಂದನ್ನು ಕೊಳ್ಳಬೇಕೆ, ಬೇಡವೆ ಎಂಬುದು.

ಆ ಸೀಮೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಾರ್ವಿಚ್ಚಿಗೂ ಸಮುದ್ರಕ್ಕೂ ನಡುವೆ ಬ್ರಾಡ್ಸ್ ಎಂದು ಹೆಸರಾದ ನೀರಿನ ನಾಡೊಂದಿದೆ. ಬ್ಯೂರ್, ಥರ್ನ್, ಯೇರ್ ಮೊದಲಾದ ನಿಧಾನಗತಿಯ ನದಿಗಳೂ, ಅವುಗಳಿಗೆ ಕೂಡಿಕೊಂಡ ಆಳವಿಲ್ಲದ ಅಗಲವಾದ ಸರೋವರಗಳೂ ಸೇರಿ ಸುಮಾರು ೨೦೦ ಕಿಲೋಮೀಟರಿನ ಜಲಮಾರ್ಗ. ಈ ಸರೋವರಗಳನ್ನು ಪ್ರಕೃತಿಯೇ ನಿರ್ಮಿಸಿತೆಂದು ಬಹುಕಾಲ ಜನ ನಂಬಿದ್ದರು. ೧೯೫೦ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಕೆಸರಿನಲ್ಲಿ ಕೊರೆದು ಪರೀಕ್ಷಿಸಿ, ಇವು ಮನುಷ್ಯರು ತೋಡಿದ ಹಳ್ಳಗಳೆಂದು ತೋರಿಸಿದರು. ಜವುಗು ನೆಲದಲ್ಲಿ ಸಸ್ಯಗಳು ಕೊಳೆತು ಗಟ್ಟಿಯಾದ ಕಪ್ಪು ಮಣ್ಣನ್ನು ಹಿಂದಿನವರು ಸೌದೆಗೆ ಬದಲಾಗಿ ಉರಿಸಲೆಂದು ಶತಮಾನಗಳ ಕಾಲ ಕಡಿದು ತೆಗೆದರು. ಆ ಮೇಲೆ ಸಮುದ್ರದ ಮಟ್ಟ ಏರಿ ಹಳ್ಳಗಳಲ್ಲಿ ನೀರು ತುಂಬಿತು. ಒಂದು ಕಾಲದವರ ಅಗತ್ಯ ಹೀಗೆ ಇನ್ನೊಂದು ಕಾಲದವರ ವಿಹಾರವಾಗಿದೆ.

ಮೇಷ್ಟರ ದೋಣಿ ಮೂವತ್ತಾರು ಅಡಿ ಉದ್ದದ್ದು. ಒಳಗೆ ಎರಡು ಮಲಗುವ ಕೋಣೆಗಳು, ಊಟದ ಮೇಜು, ಒಲೆ, ಸ್ನಾನದ ಮನೆ, ಆರು ಜನಕ್ಕೆ ಹಾಸುಗೆ. ಎರಡು ಡೀಸೆಲ್ ಎಂಜಿನುಗಳು. ಮೂವರು ಮಕ್ಕಳು ಚಿಕ್ಕವರಾಗಿದ್ದಾಗ ಸಾಲಮಾಡಿ ಕೊಂಡದ್ದು. ವರ್ಷ ವರ್ಷವೂ ಬೇಸಗೆಯ ರಜದಲ್ಲಿ ಮೂರು ವಾರ ಆ ಸಂಸಾರಕ್ಕೆ ದೋಣಿಯೇ ಮನೆ. ಈಗ ಹಿರಿಯ ಮಗ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿದ್ದಾನೆ, ಮಗಳು ಕೆನಡಾದಲ್ಲಿ, ಕಿರಿಯವನು ಲಂಡನ್ನಿನಲ್ಲಿ. ಕಟ್ಟೆಯಿಂದ ದೋಣಿಯನ್ನು ಬಿಡಿಸಿ ತಿರುಗಿಸಿ ಮತ್ತೆ ತಂದು ಕಟ್ಟುವುದಕ್ಕೆ ಇಬ್ಬರು ಗಟ್ಟಿಮುಟ್ಟಾದವರು ಬೇಕು. ಮೇಷ್ಟರಿಗೆ ಮಂಡಿಯ ನೋವು. ಆಕೆಗೆ ಮಣಿಕಟ್ಟಿನಲ್ಲಿ ಬಲವಿಲ್ಲ. ಹಗ್ಗ ಹಿಡಿದು ದಡಕ್ಕೆ ಹಾರುವಾಗ ಒಮ್ಮೆ ಆಕೆ ಜಾರಿ ದೋಣಿಗೂ ಕಟ್ಟೆಗೂ ನಡುವೆ ಬೀಳುವುದರಲ್ಲಿದ್ದರಂತೆ. ಮೇಷ್ಟರು ಇದನ್ನು ಹೇಳಿದಾಗ ಆಕೆ “ಬಿದ್ದೆನೇನು? ಬೀಳಲಿಲ್ಲವಲ್ಲ!” ಎಂದರು.

ದೊಡ್ಡ ದೋಣಿಯ ಲೆಕ್ಕವನ್ನು ಮೇಷ್ಟರು ನನಗೆ ಪಾಠದಂತೆಯೇ ಹೇಳಿಕೊಟ್ಟರು. ಒಂದೇ ಆಕಾರದ ಎರಡು ದೋಣಿಗಳಲ್ಲಿ ಒಂದರ ಉದ್ದ ಇನ್ನೊಂದರ ಎರಡರಷ್ಟಿದ್ದರೆ, ಅಗಲವೂ ಆಳವೂ ಎರಡರಷ್ಟಾಗುವುದರಿಂದ, ಅದು ತಳ್ಳುವ ನೀರು ಎಂಟರಷ್ಟಾಗುತ್ತದೆ. ಆದರೆ ನೀರನ್ನು ಸೀಳಿಕೊಂಡು ಹೋಗುವ ದೋಣಿಯ ಸಹಜವಾದ ವೇಗ ಉದ್ದದ ವರ್ಗಮೂಲವನ್ನು ಅನುಸರಿಸುವುದಾದಕಾರಣ, ಆ ವೇಗ ಹೆಚ್ಚುವುದು ಸುಮಾರು ೧.೪ರಷ್ಟು ಮಾತ್ರ. ಭಾರ ಎಂಟು ಪಾಲು, ಫಲ ಒಂದೂವರೆಯೂ ಅಲ್ಲ! ಅದಲ್ಲದೆ ಬ್ರಾಡ್ಸ್ ನದಿಗಳಲ್ಲಿ ದಂಡೆ ಕುಸಿಯದಿರಲೆಂದು ವೇಗವನ್ನು ಗಂಟೆಗೆ ಮೂರರಿಂದ ಆರು ಮೈಲಿಗೆ ಕಟ್ಟುಮಾಡಿದ್ದಾರೆ. ಎರಡು ಎಂಜಿನುಗಳ ಬಲವೆಲ್ಲ ಅಲ್ಲಿ ನಿಷ್ಪ್ರಯೋಜಕ. ದೋಣಿಯನ್ನು ಕಟ್ಟುವ ಜಾಗದ ಬಾಡಿಗೆಯಾದರೋ ಉದ್ದವನ್ನು ನೋಡಿ ನಿಷ್ಕರ್ಷೆಯಾಗುತ್ತದೆ. ತಳಕ್ಕೆ ಪಾಚಿ ಹಿಡಿಯದಂತೆ ಬಳಿಯುವ ಬಣ್ಣ, ಲೋಹದ ಭಾಗಗಳು ಸವೆಯದಂತೆ ತಾನೇ ಸವೆದುಹೋಗಲೆಂದು ತಗುಲಿಸುವ ಸತುವಿನ ತುಂಡು, ಚಳಿಗಾಲದಲ್ಲಿ ಕೊಳವೆಗಳ ನೀರು ಹೆಪ್ಪುಗಟ್ಟಿ ಒಡೆಯದಂತೆ ಮಾಡುವ ರಕ್ಷಣೆ, ಇವುಗಳಲ್ಲಿ ಯಾವುದೂ ದೋಣಿಯಲ್ಲಿ ಎಷ್ಟು ಜನ ಕೂತಿದ್ದಾರೆಂದು ಕೇಳುವುದಿಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದು. ದೋಣಿ ಬಳಕೆಯಿಂದ ಕೆಡುವುದಕ್ಕಿಂತ ಬಳಸದೆ ಬಿಡುವುದರಿಂದ ಬೇಗ ಕೆಡುತ್ತದೆ. ತೊಟ್ಟಿಯಲ್ಲಿ ಎಣ್ಣೆ ಬಹುಕಾಲ ನಿಂತರೆ ಗಾಳಿಯ ತೇವ ಒಳಗೆ ಹನಿಗೂಡಿ ತಳದಲ್ಲಿ ನೀರಾಗುತ್ತದೆ. ಆ ನೀರಿಗೂ ಎಣ್ಣೆಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಕಲ್ಮಷ ಕಟ್ಟಿ, ಒಂದು ದಿನ ಎಂಜಿನ್ನಿನ ದಾರಿಯನ್ನೇ ಮುಚ್ಚುತ್ತದೆ. ಆದಕಾರಣ ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ ಮೇಷ್ಟರು ಆಗಾಗ ಹೋಗಿ ಎಂಜಿನು ನಡೆಯಿಸಿ ಬರುತ್ತಿದ್ದರು. ಹಣವೆಚ್ಚ ಅವರಿಗೆ ಹೊರೆಯಾಗಿದ್ದುದು ನಿಜ. ಆದರೆ ಆ ಒಂಟಿ ಹೋಗಿಬರುವಿಕೆಯೇ ಹೆಚ್ಚಿನ ಹೊರೆಯಾಗಿತ್ತೆಂದು ನನಗೆ ತೋರಿತು.

ಒಂದು ಸಂಜೆ ಅವರು ದೋಣಿಯ ದಿನಚರಿಯ ಪುಸ್ತಕಗಳನ್ನು ತಂದು ತೋರಿಸಿದರು. ರಜದ ಕಾಲದಲ್ಲಿ ಪ್ರತಿರಾತ್ರಿ ಒಬ್ಬೊಬ್ಬ ಮಗು ಆ ದಿನದ ವೃತ್ತಾಂತವನ್ನು ಬರೆಯಬೇಕೆಂಬುದು ನಿಯಮವಾಗಿತ್ತಂತೆ. ಹಂಸವೊಂದು ರೊಟ್ಟಿಯನ್ನು ಕಸಿದುಕೊಂಡದ್ದು, ಲಂಗರು ಕೆಸರಿನಲ್ಲಿ ಹೂತುಹೋದದ್ದು, ಅಪ್ಪ ಸಿಟ್ಟಾದದ್ದು, ಅಮ್ಮ ನಕ್ಕದ್ದು, ಎಲ್ಲವೂ ಮೂರು ಬಗೆಯ ಅಕ್ಷರಗಳಲ್ಲಿ ಇದ್ದವು. ಪುಟ ತಿರುವಿದಂತೆ ಅಕ್ಷರ ಬಲಿಯುತ್ತ, ಬರಹ ಚಿಕ್ಕದಾಗುತ್ತ ಬಂದು, ಹನ್ನೊಂದು ವರ್ಷದ ಹಿಂದೆ ಮಕ್ಕಳ ಕೈ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಮೇಷ್ಟರ ಅಕ್ಷರವೊಂದೇ. “ಅರ್ಧ ಗಂಟೆ ಎಂಜಿನು ನಡೆಯಿಸಿದೆ. ಮಳೆ.” ಇನ್ನೊಂದು ದಿನ, “ಅರ್ಧ ಗಂಟೆ ಎಂಜಿನು.” ಇಂಥ ಸಾಲುಗಳು ಪುಟಗಟ್ಟಲೆ. ನಾನು ಪುಸ್ತಕವನ್ನು ಮುಚ್ಚಿ ಹಿಂದಕ್ಕೆ ಕೊಟ್ಟೆ. ಏನು ಹೇಳಬೇಕೋ ತಿಳಿಯಲಿಲ್ಲ.

ಇಷ್ಟಾದರೂ ಆಕೆ ಮಾರುವುದಕ್ಕೆ ಒಪ್ಪಿರಲಿಲ್ಲ. ಆಕೆಯ ವಾದವನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. “ಮಲಗಲು ಹಾಸುಗೆಯಿಲ್ಲದ ಕಡೆಗೆ ಮಕ್ಕಳನ್ನು ಬನ್ನಿ ಎಂದು ಕರೆಯುವುದು ಹೇಗೆ? ಜಾಗವಿದ್ದರೆ ಒಂದಲ್ಲ ಒಂದು ವರ್ಷ ಬಂದಾರು. ಜಾಗವನ್ನೇ ಮಾರಿಬಿಟ್ಟರೆ, ನೀವು ಬರುವುದಿಲ್ಲವೆಂದು ನಾವೇ ತೀರ್ಮಾನ ಮಾಡಿದ ಹಾಗಾಗಲಿಲ್ಲವೆ?” ಇದು ಆಕೆಯ ಮಾತು. ನನ್ನ ಪತ್ನಿಗೆ ಈ ಮಾತು ಕೂಡಲೆ ಹಿಡಿಸಿತು. ನಮ್ಮಲ್ಲಿ ಬಾರದ ಅತಿಥಿಗೂ ಒಂದು ಪಿಡಿ ಅಕ್ಕಿ ಹೆಚ್ಚಾಗಿ ಹಾಕುವ ತಾಯಂದಿರು ಎಷ್ಟು ಮಂದಿಯಿಲ್ಲ!

ಆಕೆಯ ಇನ್ನೊಂದು ವಾದ ಇತಿಹಾಸವನ್ನು ಆಶ್ರಯಿಸಿದ್ದು. ೧೯೪೦ರಲ್ಲಿ ಫ್ರಾನ್ಸಿನ ಡನ್‌ಕರ್ಕಿನ ತೀರದಲ್ಲಿ ಜರ್ಮನರ ಬಾಯಿಗೆ ಸಿಕ್ಕಿದ್ದ ಸೈನ್ಯವನ್ನು ಕರೆತರುವುದಕ್ಕೆ ಇಂಗ್ಲೆಂಡಿನ ಸಾಮಾನ್ಯ ದೋಣಿಗಳೂ ಹೋದ ಸಂಗತಿ ಪ್ರಸಿದ್ಧವಾದುದು. ಮೇ ೨೬ರಿಂದ ಜೂನ್ ೪ರ ವರೆಗೆ ೩,೩೮,೦೦೦ಕ್ಕೂ ಹೆಚ್ಚು ಸೈನಿಕರು ಪಾರಾದರು. ಆ ದೋಣಿಗಳಲ್ಲಿ ಸನ್‌ಡೌನರ್ ಎಂಬುದೊಂದು. ೫೮ ಅಡಿ ಉದ್ದದ ಕುಟುಂಬವಿಹಾರದ ಯಂತ್ರನೌಕೆ. ಅದರ ಒಡೆಯ ಚಾರ್ಲ್ಸ್ ಲೈಟೋಲರ್. ೧೯೧೨ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅದರಲ್ಲಿ ಎರಡನೆಯ ಅಧಿಕಾರಿಯಾಗಿದ್ದು ಬದುಕಿಬಂದವನು ಈತನೇ. ಯುದ್ಧದ ಮೊದಲ ದಿನಗಳಲ್ಲಿಯೇ ಕಿರಿಯ ಮಗನನ್ನು ಕಳೆದುಕೊಂಡಿದ್ದ ಆ ಅರುವತ್ತಾರು ವರ್ಷದ ಮುದುಕ, ದೋಣಿಯನ್ನು ನೌಕಾದಳದವರ ವಶಕ್ಕೆ ಒಪ್ಪಿಸದೆ, ಹಿರಿಯ ಮಗನನ್ನೂ ಒಬ್ಬ ಬಾಲಚರನನ್ನೂ ಕರೆದುಕೊಂಡು ತಾನೇ ಹೋದ. ಜೂನ್ ೧ರಂದು ನೂರಿಪ್ಪತ್ತಕ್ಕೂ ಮಿಗಿಲಾದ ಸೈನಿಕರನ್ನು ಅದರಲ್ಲಿ ಒತ್ತೊತ್ತಾಗಿ ತುಂಬಿಕೊಂಡು ಬಂದ. “ಮಕ್ಕಳು ದೊಡ್ಡವರಾದರೆಂದು ಆತ ಅದನ್ನು ಮಾರಿದ್ದರೆ?” ಎಂದು ಆಕೆ ಕೇಳಿದರು.

ಈ ಪ್ರಶ್ನೆ ನನ್ನನ್ನು ಕೆಲವು ದಿನ ಕಾಡಿತು. ದೊಡ್ಡದನ್ನು ಇಟ್ಟುಕೊಂಡವನು ಇನ್ನೊಬ್ಬರಿಗೆ ಎಡೆಕೊಡಬಲ್ಲ. ಚಿಕ್ಕದು ಮಾಡಿಕೊಂಡವನು ತನ್ನ ಕಾಲಿಗೆ ಬೇಕಾದಷ್ಟು ನೆಲವನ್ನು ಮಾತ್ರ ನೋಡಿಕೊಂಡಂತಾಗಲಿಲ್ಲವೆ? ಹಾಗಿದ್ದರೆ ಕಿರಿದು ಮಾಡಿಕೊಳ್ಳುವುದು ಸ್ವಾರ್ಥದ ಇನ್ನೊಂದು ಹೆಸರಾದೀತು. ಆದರೆ ವಿಚಾರ ಮಾಡಿ ನೋಡಿದರೆ ಲೈಟೋಲರನ ದೃಷ್ಟಾಂತ ಆಕೆ ಎಣಿಸಿದುದಕ್ಕಿಂತ ಬೇರೆಯದನ್ನು ಹೇಳುತ್ತದೆ. ಆ ದಿನ ಉಪಯೋಗಕ್ಕೆ ಬಂದುದು ೫೮ ಅಡಿಯ ಮರ ಮಾತ್ರವೇ ಅಲ್ಲ. ಅದನ್ನು ನಡೆಯಿಸಬಲ್ಲ ಕೈ ಇತ್ತು, ಹಗ್ಗ ಹಿಡಿಯಲು ಮಗ ಜೊತೆಗಿದ್ದ, ದೋಣಿ ಬಳಕೆಯಲ್ಲಿತ್ತು. ತೊಟ್ಟಿಯಲ್ಲಿ ಕಲ್ಮಷ ಕಟ್ಟಿದ, ತಿರುಗಿಸಲು ಬಲವಿಲ್ಲದವರ ಕೈಯಲ್ಲಿದ್ದ ದೊಡ್ಡ ದೋಣಿ ಆ ಕಡಲನ್ನು ದಾಟುತ್ತಿರಲಿಲ್ಲ. ಅದೇ ಡನ್‌ಕರ್ಕಿಗೆ ಹೋಗಿಬಂದ ಟ್ಯಾಮ್‌ಜೀನ್ ಎಂಬ ಮೀನುಗಾರರ ತೆರೆದ ದೋಣಿಯೊಂದು ಲಂಡನ್ನಿನ ಇಂಪೀರಿಯಲ್ ಯುದ್ಧಸಂಗ್ರಹಾಲಯದ ವಶದಲ್ಲಿದೆ. ಅದರ ಉದ್ದ ಹದಿನೈದು ಅಡಿಯೂ ಇಲ್ಲ. ಹಾಗಾದರೆ ಕೇಳತಕ್ಕ ಪ್ರಶ್ನೆ ದೋಣಿ ಎಷ್ಟು ದೊಡ್ಡದು ಎಂಬುದಕ್ಕಿಂತ, ನನ್ನ ಕೈಯಲ್ಲಿ ಅದು ಜೀವದಿಂದಿದೆಯೆ ಎಂಬುದು. ಇನ್ನೊಬ್ಬರಿಗೆ ಎಡೆಕೊಡಬೇಕೆಂಬ ಧರ್ಮ ನಿಜವಾದುದೇ. ಆದರೆ ನಡೆಯಿಸಲಾರದ ದೋಣಿಯಲ್ಲಿ ಇಟ್ಟ ಎಡೆ ಎಡೆಯಲ್ಲ. ಅದು ಎಡೆಯ ನೆನಪು.

ಈ ಮಾತನ್ನು ನಾನು ಆಕೆಗೆ ಹೇಳಲಿಲ್ಲ. ಹೇಳುವ ಅಧಿಕಾರ ನನಗಿರಲಿಲ್ಲ. ಹೇಳಿದವನು ಹಿರಿಯ ಮಗ. ಆಷಾಢದಲ್ಲಿ ಅವನು ಎರಡು ದಿನದ ಮಟ್ಟಿಗೆ ಬಂದಿದ್ದಾಗ ಮಾರುವ ಮಾತೆತ್ತಿದರಂತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮ, ಪ್ರತಿವರ್ಷ ಬೇಸಗೆ ಬಂದರೆ ಆ ಆರು ಹಾಸುಗೆಗಳು ನನ್ನನ್ನು ಏಕೆ ಬರಲಿಲ್ಲವೆಂದು ಕೇಳುವ ಹಾಗೆ ಅನ್ನಿಸುತ್ತಿತ್ತು. ನೀವು ಮಾರಿದರೆ ನನಗೆ ನಿರಾಳ” ಎಂದನಂತೆ. ಆಕೆ ಇದನ್ನು ಮರುದಿನ ನನ್ನ ಪತ್ನಿಯೊಡನೆ ಹೇಳಿಕೊಂಡು ಅತ್ತರು. ಮಗ ಬಾರದೆ ಇದ್ದುದಕ್ಕಿಂತ ಮಗನಿಗೆ ನಿರಾಳವಾದುದೇ ಆಕೆಗೆ ಹೆಚ್ಚು ನೋವು ಕೊಟ್ಟಿತ್ತು.

ನನಗೆ ತೋರುವ ಮಟ್ಟಿಗೆ ಈ ಪ್ರಶ್ನೆಯ ಮರ್ಮ ಇಲ್ಲಿದೆ. ಒಬ್ಬರಿಗಾಗಿ ಜಾಗವನ್ನು ಕಾದಿರಿಸುವುದು ಪ್ರೀತಿ. ಆ ಜಾಗ ಖಾಲಿಯಿದೆಯೆಂದು ಅವರಿಗೆ ಬಾಯಿಬಿಡದೆಯೇ ನೆನಪುಮಾಡಿಕೊಡುತ್ತಿರುವುದು ತಗಾದೆ. ಒಂದು ಯಾವಾಗ ಇನ್ನೊಂದಾಗಿ ಮಾರ್ಪಡುತ್ತದೆಂಬುದು ಕಾದಿರಿಸಿದವರಿಗೆ ತಿಳಿಯುವುದೇ ಇಲ್ಲ. ಏಕೆಂದರೆ ಅವರ ಮನಸ್ಸಿನಲ್ಲಿ ಭಾವ ಬದಲಾಗಿಲ್ಲ, ಕಾಲ ಬದಲಾಗಿದೆ. ಚಿಕ್ಕ ಮಕ್ಕಳಿಗೆ ಆಶ್ರಯವಾಗಿದ್ದ ದೋಣಿಯೇ ಬೆಳೆದ ಮಕ್ಕಳಿಗೆ ಋಣಪತ್ರವಾಗಿ ಕಂಡರೆ ದೋಷ ಯಾರದು? ತಾಯಿಯದೂ ಅಲ್ಲ, ಮಗನದೂ ಅಲ್ಲ. ಆದರೆ ತಿಳಿದ ಮೇಲೂ ಆ ಪತ್ರವನ್ನು ಹರಿಯದೆ ಇಟ್ಟುಕೊಂಡರೆ ಆಗ ದೋಷವುಂಟು. ಮಕ್ಕಳನ್ನು ಪ್ರೀತಿಯ ಸಾಲದಿಂದ ಬಿಡುಗಡೆ ಮಾಡುವುದೂ ತಾಯಿತಂದೆಗಳು ಕೊಡಬಹುದಾದ ಒಂದು ಆಸ್ತಿ.

ನೆನಪನ್ನು ಮಾರಿದಂತಾಗುವುದಿಲ್ಲವೆ ಎಂದು ಕೇಳಬಹುದು. ಇದಕ್ಕೆ ಅಮೆರಿಕೆಯ ಸಾಹಿತ್ಯಚರಿತ್ರೆಯಲ್ಲಿ ಒಂದು ಉತ್ತರ ಸಿಕ್ಕುತ್ತದೆ. ಕಾನ್‌ಕಾರ್ಡ್ ಎಂಬ ಊರಿನ ಹೆನ್ರಿ ಥೋರೋ ತನ್ನ ಅಣ್ಣ ಜಾನನೊಡನೆ ಸೇರಿ ೧೮೩೯ರ ವಸಂತದಲ್ಲಿ ಹದಿನೈದು ಅಡಿಯ ದೋಣಿಯೊಂದನ್ನು ಒಂದು ವಾರದ ದುಡಿಮೆಯಿಂದ ಕಟ್ಟಿದ. ಆ ವರ್ಷವೇ ಅಣ್ಣತಮ್ಮಂದಿರಿಬ್ಬರೂ ಅದರಲ್ಲಿ ಎರಡು ನದಿಗಳ ಮೇಲೆ ಸಂಚಾರ ಮಾಡಿಬಂದರು. ೧೮೪೨ರ ಜನವರಿಯಲ್ಲಿ ಅಣ್ಣ ಧನುರ್ವಾಯುವಿನಿಂದ ತೀರಿಕೊಂಡ. ಅದೇ ವರ್ಷ ಥೋರೋ ದೋಣಿಯನ್ನು ಏಳು ಡಾಲರಿಗೆ, ಆಗತಾನೆ ಆ ಊರಿಗೆ ಬಂದಿದ್ದ ಕಾದಂಬರಿಕಾರ ನಥೇನಿಯಲ್ ಹಾಥಾರ್ನನಿಗೆ ಮಾರಿದ, ಹುಟ್ಟುಹಾಕುವುದನ್ನೂ ಕಲಿಸಿಕೊಟ್ಟ. ಹಾಥಾರ್ನ್ ಅದಕ್ಕೆ ಬೇರೆ ಹೆಸರನ್ನೂ ಇಟ್ಟ. ಅಣ್ಣನ ಕೈ ಮುಟ್ಟಿದ ಹಲಗೆಗಳನ್ನು ಪರರಿಗೆ ಕೊಟ್ಟ ಇವನಿಗೆ ಅಣ್ಣನ ಮೇಲೆ ಪ್ರೀತಿ ಕಡಮೆಯೆ? ಆ ಸಂಚಾರದ ವೃತ್ತಾಂತವನ್ನು ಆತ ಮುಂದೆ ಹಲವು ವರ್ಷ ತಿದ್ದಿ ಬರೆದು, ೧೮೪೯ರಲ್ಲಿ ತನ್ನ ಮೊದಲ ಗ್ರಂಥವಾಗಿ ಪ್ರಕಟಿಸಿದ. ದೋಣಿ ಹಾಥಾರ್ನನದಾಯಿತು; ಪ್ರಯಾಣ ಥೋರೋವಿನಲ್ಲಿಯೇ ಉಳಿಯಿತು. ಮರ ನೆನಪಿನ ಮನೆಯಲ್ಲ. ನೆನಪು ಮರದ ಮೇಲೆ ಕೆಲವು ಕಾಲ ಕೂತಿರುತ್ತದೆ, ಅಷ್ಟೆ.

ಆದರೆ ಇನ್ನೊಂದು ಅಪಾಯವನ್ನೂ ಹೇಳಬೇಕು. ಚಿಕ್ಕದನ್ನು ಕೊಂಡವನಿಗೆ ತಾನು ವಿರಕ್ತನಾದೆನೆಂಬ ಭ್ರಾಂತಿ ಹುಟ್ಟುವುದುಂಟು. ಸರಳಜೀವನವೆಂಬ ಮಾತು ಈಚೆಗೆ ಅಲಂಕಾರವಾಗಿದೆ. ಯಾಜ್ಞವಲ್ಕ್ಯನು ಗೃಹಸ್ಥಾಶ್ರಮವನ್ನು ಬಿಟ್ಟು ಹೊರಟಾಗ ಮೈತ್ರೇಯಿಗೂ ಕಾತ್ಯಾಯನಿಗೂ ಆಸ್ತಿಯನ್ನು ಹಂಚಲು ಮುಂದಾದ. ಆಗ ಮೈತ್ರೇಯಿ, ಇದರಿಂದ ನಾನು ಅಮೃತಳಾಗುವೆನೆ ಎಂದು ಕೇಳಿದಳೆಂದು ಬೃಹದಾರಣ್ಯಕೋಪನಿಷತ್ತು ಹೇಳುತ್ತದೆ. ಅದು ಮಹಾತ್ಯಾಗದ ಪ್ರಸಂಗ. ಮೂವತ್ತಾರು ಅಡಿಯನ್ನು ಹದಿನೆಂಟು ಅಡಿಗೆ ಇಳಿಸಿದವನು ಆ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಹದಿನೆಂಟು ಅಡಿಯ ವಿಹಾರದೋಣಿಯೂ ಭೋಗವೇ. ಹೊಟ್ಟೆಪಾಡಿಗಾಗಿ ಹುಟ್ಟುಹಾಕುವ ಅಂಬಿಗನ ಮುಂದೆ ಅದನ್ನು ತ್ಯಾಗವೆಂದು ಹೇಳಿಕೊಳ್ಳುವುದು ನಾಚಿಕೆಗೇಡು. ಕಿರಿದು ಮಾಡಿಕೊಳ್ಳುವುದು ಸಂನ್ಯಾಸದ ಮೊದಲ ಮೆಟ್ಟಿಲಲ್ಲ. ಅದು ಗೃಹಸ್ಥಧರ್ಮದ ಕೊನೆಯ ಪಾಠಗಳಲ್ಲಿ ಒಂದು. ಕೈಗೆಷ್ಟು ಬಲವಿದೆಯೋ, ಜೊತೆಗೆ ಎಷ್ಟು ಜನವಿದ್ದಾರೆಯೋ, ಅದಕ್ಕೆ ತಕ್ಕಂತೆ ಭಾರವನ್ನು ಸರಿಪಡಿಸಿಕೊಳ್ಳುವ ವಿವೇಕ ಅದು.

ಈ ವಿವೇಕ ಸಕಾಲದಲ್ಲಿ ಬರಬೇಕೆಂಬುದಕ್ಕೂ ಕಾರಣವಿದೆ. ಹಳೆಯ ಮರದ ದೋಣಿ ಬಿಟ್ಟರೆ ಕೊಳೆತು ಮಣ್ಣಾಗುತ್ತಿತ್ತು. ಗಾಜಿನ ನಾರನ್ನು ರಾಳದಲ್ಲಿ ಸೇರಿಸಿ ಅಚ್ಚಿನಲ್ಲಿ ಮಾಡುವ ದೋಣಿಗಳು ೧೯೬೦ರಿಂದೀಚೆಗೆ ಹೇರಳವಾದುವು. ಇವು ಕೊಳೆಯುವುದಿಲ್ಲ, ಕರಗಿಸಿ ಬೇರೊಂದನ್ನು ಮಾಡುವುದೂ ಸುಲಭವಲ್ಲ. ಒಡೆಯರು ಮುದುಕರಾಗಿ, ನಿರ್ಧಾರಮಾಡಲಾರದೆ ಬಿಟ್ಟ ಇಂಥ ದೋಣಿಗಳು ಅಲ್ಲಲ್ಲಿ ಹಿನ್ನೀರಿನ ಮೂಲೆಗಳಲ್ಲಿ ಅರ್ಧ ಮುಳುಗಿ ನಿಂತಿರುವುದನ್ನು ಮೇಷ್ಟರು ನನಗೆ ತೋರಿಸಿದರು. ಅವುಗಳನ್ನು ಎತ್ತಿ ಸಾಗಿಸುವ ಖರ್ಚು ಊರಿನವರ ಪಾಲಿಗೋ ಮಕ್ಕಳ ಪಾಲಿಗೋ ಬರುತ್ತದೆ. ನಾವು ತೀರ್ಮಾನಿಸದೆ ಬಿಟ್ಟದ್ದು ತೀರ್ಮಾನವಾಗದೆ ಉಳಿಯುವುದಿಲ್ಲ. ನಮ್ಮ ಶಕ್ತಿ ಉಡುಗಿದ ಮೇಲೆ, ನಮಗಿಂತ ಕಡಮೆ ಮಮತೆಯುಳ್ಳವರು ಅವಸರದಲ್ಲಿ ಅದನ್ನು ತೀರ್ಮಾನಿಸುತ್ತಾರೆ. ಕೊಡುವ ಕೈಯಲ್ಲಿ ಬಲವಿರುವಾಗ ಕೊಟ್ಟರೆ ಅದು ದಾನದಂತೆ. ಬಲ ಹೋದ ಮೇಲೆ ಕೊಟ್ಟರೆ ಅದು ಜಪ್ತಿಯಂತೆ.

ಕೊನೆಗೆ ಆಗಸ್ಟ್ ತಿಂಗಳಲ್ಲಿ ದೋಣಿ ಮಾರಾಟವಾಯಿತು. ಕೊಂಡವರು ಎರಡು ಮಕ್ಕಳ ಚಿಕ್ಕ ವಯಸ್ಸಿನ ದಂಪತಿಗಳು. ಇನ್ನೂ ಸ್ವಲ್ಪ ಹೆಚ್ಚಿಗೆ ಕೊಡಲು ಬಂದಿದ್ದ ವ್ಯಾಪಾರಿಯೊಬ್ಬನನ್ನು ಬಿಟ್ಟು ಇವರಿಗೆ ಕೊಡಬೇಕೆಂದು ಹಟಮಾಡಿದವರು ಆಕೆಯೇ ಎಂದು ಮೇಷ್ಟರು ಹೇಳಿದರು. ಆ ಮಕ್ಕಳಲ್ಲಿ ಚಿಕ್ಕವಳು ಒಳಗೆ ಓಡಿಹೋಗಿ ಒಂದೊಂದು ಹಾಸುಗೆಯ ಮೇಲೂ ಮಲಗಿ ನೋಡಿದಳಂತೆ. ದಿನಚರಿಯ ಹಳೆಯ ಪುಸ್ತಕಗಳನ್ನು ಮನೆಗೆ ತಂದು, ಬರೆಯದ ಹೊಸ ಪುಸ್ತಕವೊಂದನ್ನು ದೋಣಿಯ ಮೇಜಿನ ಮೇಲಿಟ್ಟು ಬಂದರು.

ಸೆಪ್ಟೆಂಬರಿನಲ್ಲಿ ಒಂದು ದಿನ ಹೊಸ ಚಿಕ್ಕ ದೋಣಿಯಲ್ಲಿ ನಮ್ಮನ್ನೂ ಕರೆದುಕೊಂಡು ಹೋದರು. ಥರ್ನ್ ನದಿಗೆ ಪಾಟರ್ ಹೈಯಮ್ ಎಂಬ ಹಳ್ಳಿಯಲ್ಲಿ ಮಧ್ಯಯುಗದ ಕಲ್ಲುಸೇತುವೆಯೊಂದಿದೆ. ಅದರ ನಡುಗಮಾನು ಎಷ್ಟು ತಗ್ಗೆಂದರೆ ನೀರಿನ ಉಬ್ಬರದ ಹೊತ್ತಿನಲ್ಲಿ ಎರಡು ಮೀಟರಿನಷ್ಟೇ ತೆರಪು. ಅದೂ ಗಮಾನಿನ ನೆತ್ತಿಯ ಕೆಳಗೆ ಮಾತ್ರ. ದೊಡ್ಡ ದೋಣಿಗಳು ಅಲ್ಲಿಗೆ ಬಂದು ಹಿಂದಿರುಗಬೇಕು. ಇಪ್ಪತ್ತಾರು ವರ್ಷ ಈ ಸಂಸಾರವೂ ಅಲ್ಲಿಂದಲೇ ಹಿಂದಿರುಗಿತ್ತು. ಆ ದಿನ ಮೇಷ್ಟರು ಮುಸುಕನ್ನು ಮಡಿಸಿ, ನಮಗೆಲ್ಲ ತಲೆ ತಗ್ಗಿಸುವಂತೆ ಹೇಳಿ, ನಡುವೆ ಹಿಡಿದು ನಡೆಯಿಸಿದರು. ತಣ್ಣನೆಯ ಕಲ್ಲಿನ ನೆರಳು ಬೆನ್ನಿನ ಮೇಲೆ ಹಾದುಹೋಯಿತು. ಆಚೆಗೆ ಬ್ರಾಡ್ಸ್ ಸರೋವರಗಳಲ್ಲೆಲ್ಲ ದೊಡ್ಡದಾದ ಹಿಕ್ಲಿಂಗ್ ಇದೆ, ಹಾರ್ಸಿ ಇದೆ. ಶತಮಾನಗಳ ಹಿಂದೆ ಆ ದೇಶದಿಂದ ಕಣ್ಮರೆಯಾಗಿದ್ದ ಕ್ರೌಂಚಪಕ್ಷಿಗಳು ೧೯೭೯ರ ಸುಮಾರಿನಲ್ಲಿ ತಾವಾಗಿಯೇ ಬಂದು ಮತ್ತೆ ನೆಲೆಸಿದ ಪ್ರದೇಶ ಅದು. ಜೊಂಡಿನ ಮೇಲೆ ಎರಡು ಹಕ್ಕಿಗಳು ಕತ್ತು ನೀಡಿ ಹಾರಿಹೋದುದನ್ನು ನಾವೂ ಕಂಡೆವು.

ಚಿಕ್ಕದು ಮಾಡಿಕೊಂಡವನಿಗೆ ದೊಡ್ಡ ನೀರು ಸಿಕ್ಕಿತೆಂದು ಇಲ್ಲಿಗೆ ಮುಗಿಸಿಬಿಟ್ಟರೆ ಕೇಳಲು ಹಿತವಾಗಿರುತ್ತದೆ. ಮೇಷ್ಟರು ಹಾಗೆಯೇ ಏನೋ ಹೇಳಹೊರಟರು. ಆಕೆ ಮುಂಭಾಗದಲ್ಲಿ ಕೂತು ಲೋಟಗಳಿಗೆ ಚಹ ಸುರಿಯುತ್ತಿದ್ದರು. ದೊಡ್ಡ ದೋಣಿಯಲ್ಲಿ ಆರು ಪಿಂಗಾಣಿಯ ಬಟ್ಟಲುಗಳಿದ್ದುವಂತೆ. ಇಲ್ಲಿ ಅವುಗಳನ್ನು ಇಡಲು ಗೂಡಿಲ್ಲದ್ದರಿಂದ ಮನೆಯಲ್ಲಿಟ್ಟು ತಗಡಿನ ಲೋಟ ತಂದಿದ್ದರು. “ಇದು ಚೆನ್ನಾಗಿದೆ. ಆದರೆ ಅದು ಹೋಯಿತು. ಹೋದದ್ದನ್ನು ಹೋಯಿತೆನ್ನಲು ಬಿಡಿ” ಎಂದರು. ಮೇಷ್ಟರು ಸುಮ್ಮನಾದರು.

ನಾನು ಆ ಬೇಸಗೆಯಲ್ಲಿ ಕೇಳಿದ ವಾದಗಳಲ್ಲೆಲ್ಲ ಈ ಮಾತೇ ಹೆಚ್ಚು ಸತ್ಯವಾದುದೆಂದು ನನಗೆ ಈಗಲೂ ತೋರುತ್ತದೆ. ಕಿರಿದು ಮಾಡಿಕೊಳ್ಳುವುದನ್ನು ಲಾಭವೆಂದು ಸಾಧಿಸಹೊರಡುವವರು, ಲಾಭವಿಲ್ಲದೆ ಯಾವ ಕರ್ತವ್ಯವೂ ಇರಲಾರದೆಂದು ಒಳಗೊಳಗೆ ನಂಬಿದವರು. ನಷ್ಟವೆಂದು ತಿಳಿದೂ, ಮಕ್ಕಳ ಬಿಡುಗಡೆಗಾಗಿ, ವಸ್ತುವಿನ ಸದುಪಯೋಗಕ್ಕಾಗಿ, ಮುಂದಿನವರ ಸುಖಕ್ಕಾಗಿ, ತಮ್ಮ ಮೈಯ ಕ್ಷೇಮಕ್ಕಾಗಿ ಮಾಡಿದರೆ ಆಗ ಅದು ಧರ್ಮವೆನ್ನಿಸಿಕೊಳ್ಳುತ್ತದೆ. ದುಃಖವಿದ್ದರೆ ತಪ್ಪುಮಾಡಿದೆವೆಂದು ಅರ್ಥವಲ್ಲ.

ಊರಿಗೆ ಹಿಂದಿರುಗಿದ ಮೇಲೆ ನಮ್ಮ ಮನೆಯಲ್ಲಿಯೂ ಇದೇ ಮಾತು ಎದ್ದಿದೆ. ನನ್ನ ತಂದೆಯವರು ಹದಿನಾಲ್ಕು ಜನರ ಸಂಸಾರಕ್ಕಾಗಿ ಕಟ್ಟಿಸಿದ ಮನೆ. ಈಗ ಇರುವವರು ಇಬ್ಬರು. ಮಹಡಿಯ ಕೋಣೆಗಳನ್ನು ತಿಂಗಳಿಗೊಮ್ಮೆ ತೆಗೆದು ಗುಡಿಸಿ ಮತ್ತೆ ಬೀಗ ಹಾಕುತ್ತೇವೆ. ಅದೂ ಒಂದು ಬಗೆಯಲ್ಲಿ ಅರ್ಧ ಗಂಟೆ ಎಂಜಿನು ನಡೆಯಿಸಿ ಬಂದಂತೆಯೇ. ಹೋದ ವಾರ ನನ್ನ ಪತ್ನಿ, “ಮಗಳನ್ನೊಮ್ಮೆ ಬಾಯಿಬಿಟ್ಟು ಕೇಳಿಬಿಡಿ. ಅವಳಿಗೆ ಈ ಕೋಣೆ ಬೇಕೋ, ಇಲ್ಲ ಇದು ಅವಳನ್ನು ಏಕೆ ಬರಲಿಲ್ಲವೆಂದು ಕೇಳುತ್ತಿದೆಯೋ, ಅವಳೇ ಹೇಳಲಿ” ಎಂದಳು. ಕಾಗದ ಬರೆಯಲು ಎರಡು ಸಲ ಕೂತೆ, ಇನ್ನೂ ಮುಗಿದಿಲ್ಲ. ಈ ತಿಂಗಳು ಕಳೆಯುವುದರೊಳಗಾಗಿ ಬರೆಯುವೆನೆಂದು ಆಕೆಗೆ ಮಾತುಕೊಟ್ಟಿದ್ದೇನೆ.